ಶ್ವಾಸಕೋಶದ ಸೋಂಕಿನಲ್ಲಿ ಬ್ಯಾಕ್ಟೀರಿಯಾಗಳ ಪೈಪೋಟಿ ಮತ್ತು ಪ್ರತಿಜೈವಿಕಗಳು

ಒಂದೇ ಶ್ವಾಸಕೋಶದಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಜಾಗಕ್ಕಾಗಿ, ಆಹಾರಕ್ಕಾಗಿ, ಕಬ್ಬಿಣದ ಅಂಶಕ್ಕಾಗಿ, ಆಮ್ಲಜನಕಕ್ಕಾಗಿ ಒಂದರೊಡನೊಂದು ಸದಾ ಪೈಪೋಟಿ ನಡೆಸುತ್ತವೆ. ಈ ಪೈಪೋಟಿಗೆ ಎರಡು ನೆಲೆಗಳಿವೆ. ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ನಡುವಿನದು ಒಂದು. ಒಂದೇ ಜಾತಿಯೊಳಗೆ ಔಷಧಕ್ಕೆ ಮಣಿಯುವ ಮತ್ತು ಮಣಿಯದ ತಳಿಗಳ ನಡುವಿನದು ಇನ್ನೊಂದು. ಎಲ್ಲರೂ ಆಂಟಿಬಯೋಟಿಕ್ ಎಂದು ಕರೆಯುವ ಪ್ರತಿಜೈವಿಕ ಔಷಧ ಒಳಹೊಕ್ಕಾಗ ಅದು ಕೊಲ್ಲುವುದು ತನಗೆ ಮಣಿಯುವವನ್ನು ಮಾತ್ರ. ಉಳಿದವಕ್ಕೆ ಎದುರಾಳಿಯೇ ಇಲ್ಲದ ಬಯಲು ಸಿಗುತ್ತದೆ. ಇದನ್ನು ಸ್ಪರ್ಧಾಮುಕ್ತಿ ಎನ್ನಬಹುದು. ಔಷಧ ಮುಗಿದ ಮೇಲೂ ಕೆಮ್ಮು ಮರಳುವುದಕ್ಕೆ, ಮರಳಿದಾಗ ಮೊದಲಿನ ಮಾತ್ರೆ ನಾಟದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಪ್ರಯೋಗಾಲಯದ ಹೊಸ್ತಿಲು ತುಳಿಯದೆಯೂ ಇದನ್ನು ಕಾಣಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹೈನುಗಾರಿಕೆ ಮನೆಮನೆಯ ಕಸುಬು. ಕೆಚ್ಚಲು ಬಾವು ಬಂದ ಹಸುವಿಗೆ ಪೆನಿಸಿಲಿನ್ ಜಾತಿಯ ಔಷಧ ಕೊಟ್ಟ ಮೇಲೆ ಕೆಲವು ದಿನ ಅದರ ಹಾಲನ್ನು ಬಳಸಬಾರದು. ಬಳಸಿ, ಕಾಯಿಸಿ ಹೆಪ್ಪು ಹಾಕಿದರೆ ಬೆಳಗಾದರೂ ಮೊಸರು ಕೂಡಿರುವುದಿಲ್ಲ. ಕಾಯಿಸಿದ ಮಾತ್ರಕ್ಕೆ ಔಷಧ ಪೂರ್ತಿ ನಾಶವಾಗುವುದಿಲ್ಲ, ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಪೆನಿಸಿಲಿನ್‌ಗೆ ಬಹಳ ಬೇಗ ಸಾಯುತ್ತವೆ. ಒಳ್ಳೆಯ ಹೆಪ್ಪು ಬಿದ್ದ ಪಾತ್ರೆಯಲ್ಲಿ ಇವೇ ಮುಂದಾಗಿ ಬೆಳೆದು, ಹುಳಿ ಹುಟ್ಟಿಸಿ, ಹಾಲು ಕೆಡಿಸುವ ಇತರ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಔಷಧ ಬೆರೆತ ಹಾಲಿನಲ್ಲಿ ಹತ್ತಿಕ್ಕುವವು ಇಲ್ಲ. ಪೆನಿಸಿಲಿನ್ ಅಷ್ಟಾಗಿ ನಾಟದ ಕೋಲಿಫಾರ್ಮ್ ಗುಂಪಿನವು ಕೈಯಿಂದಲೋ ಪಾತ್ರೆಯಿಂದಲೋ ಬಿದ್ದರೆ ತಡೆಯಿಲ್ಲದೆ ಬೆಳೆಯುತ್ತವೆ. ಮೊಸರಾಗಬೇಕಾದ ಹಾಲು ನಾತ ಹಿಡಿಯುತ್ತದೆ. ಆ ಪಾತ್ರೆಯ ಜಾಗದಲ್ಲಿ ಕಫ ತುಂಬಿದ ಶ್ವಾಸನಾಳವನ್ನು ಇಟ್ಟು ನೋಡಿದರೆ ಈ ಲೇಖನದ ವಿಷಯವೆಲ್ಲ ಅಲ್ಲಿದೆ.

ಪೆನಿಸಿಲಿನ್ ಕುರಿತ ಮೊಟ್ಟಮೊದಲ ವೈಜ್ಞಾನಿಕ ಲೇಖನವೂ ಕೆಲವನ್ನು ಅಡಗಿಸಿ ಕೆಲವನ್ನು ಬಿಡುವ ಇದೇ ಗುಣದ ಬಗ್ಗೆ ಇತ್ತೆಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕೊಡುವ ಬೂಷ್ಟಿನ ಆ ಗುಣವನ್ನು ಕಂಡು 1929ರಲ್ಲಿ ಬರೆದಾಗ, ಲೇಖನದ ಶೀರ್ಷಿಕೆಯಲ್ಲಿಯೇ ಒಂದು ಉಪಯೋಗವನ್ನು ಎತ್ತಿ ಹೇಳಿದ್ದರು: ಇಂದು ಹೀಮೊಫಿಲಸ್ ಇನ್‌ಫ್ಲುಯೆಂಜೇ ಎಂದು ಕರೆಯುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸುವುದು. ಗಂಟಲಿನ ದ್ರವವನ್ನು ತಟ್ಟೆಯಲ್ಲಿ ಬೆಳೆಸಿದರೆ ಸ್ಟಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ನ್ಯುಮೊಕಾಕಸ್‌ಗಳು ಮುನ್ನುಗ್ಗಿ ಬೆಳೆದು ನಿಧಾನದ ಹೀಮೊಫಿಲಸ್ ಅನ್ನು ಮರೆಮಾಡುತ್ತಿದ್ದವು. ತಟ್ಟೆಗೆ ಪೆನಿಸಿಲಿನ್ ಹಚ್ಚಿದಾಗ ಮುನ್ನುಗ್ಗುವವು ಅಡಗಿದವು, ಮರೆಯಲ್ಲಿದ್ದದ್ದು ಮೇಲೆ ಬಂತು. ಅಂದು ಅದು ಪ್ರಯೋಗಾಲಯದ ಒಂದು ಅನುಕೂಲ. ಅದೇ ಘಟನೆ ರೋಗಿಯ ಎದೆಯೊಳಗೆ ನಡೆದರೆ ಏನಾಗಬಹುದೆಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಗಾಯಗೊಂಡ ಶ್ವಾಸಕೋಶ: ಕೋಲಾರ ಸೀಮೆ

ಆರೋಗ್ಯವಂತರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳೇ ಇರುವುದಿಲ್ಲವೆಂದು ವೈದ್ಯಕೀಯ ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 2010ರ ಸುಮಾರಿಗೆ, ಬ್ಯಾಕ್ಟೀರಿಯಾಗಳನ್ನು ಬೆಳೆಸದೆ ಅವುಗಳ ಡಿಎನ್‌ಎಯನ್ನೇ ಓದುವ ವಿಧಾನ ಬಂದ ಮೇಲೆ ಆ ಮಾತು ಬಿದ್ದುಹೋಯಿತು. ಪ್ರೆವೊಟೆಲ್ಲಾ, ವೀಲೊನೆಲ್ಲಾ, ಸ್ಟ್ರೆಪ್ಟೊಕಾಕಸ್ ಮುಂತಾದ ಬಾಯಿಯ ವಾಸಿಗಳು ಜೊಲ್ಲಿನೊಂದಿಗೆ ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತಲೇ ಇರುತ್ತವೆ. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಲೋಳೆಯೊಡನೆ ಅವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಹರಿಯುವ ಕಾಲುವೆಯಲ್ಲಿ ಜೊಂಡು ಬೇರೂರದ ಹಾಗೆ ಅವು ಅಲ್ಲಿ ಬೀಡು ಬಿಡಲಾರವು.

ಹರಿವು ನಿಂತಾಗ ಕತೆ ಬದಲಾಗುತ್ತದೆ. ಹೂಳು ತುಂಬಿ ತೂಬು ಕಟ್ಟಿದ ಕೆರೆ ಹೇಗಿರುತ್ತದೆಂದು ಕೋಲಾರದವರಿಗೆ ವಿವರಿಸಬೇಕಿಲ್ಲ. ಶ್ವಾಸನಾಳದ ಗೋಡೆ ಹಾಳಾಗಿ, ನಾಳ ಹಿಗ್ಗಿ, ಕಫ ಅಲ್ಲಿಯೇ ಮಡುಗಟ್ಟುವ ಕಾಯಿಲೆಗೆ ಬ್ರಾಂಕಿಯೆಕ್ಟೇಸಿಸ್ ಎಂದು ಹೆಸರು. ಬ್ಯಾಕ್ಟೀರಿಯಾಗಳ ಪೈಪೋಟಿ ಹೆಚ್ಚಾಗಿ ನಡೆಯುವ ಅಖಾಡಗಳಲ್ಲಿ ಇದೂ ಒಂದು. ಪಶ್ಚಿಮದ ದೇಶಗಳಲ್ಲಿ ಈ ವಿಷಯದ ಸಂಶೋಧನೆ ಬಹುಪಾಲು ನಡೆದಿರುವುದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಸುತ್ತ. ನಮ್ಮ ಚಿತ್ರ ಬೇರೆ. ಭಾರತದ 31 ಆಸ್ಪತ್ರೆಗಳ 2195 ಬ್ರಾಂಕಿಯೆಕ್ಟೇಸಿಸ್ ರೋಗಿಗಳ ದಾಖಲೆ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 35.5 ಮಂದಿಗೆ ಹಿಂದೆ ಬಂದು ಹೋದ ಕ್ಷಯವೇ ಮೂಲ ಕಾರಣ. ಕಫದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಬ್ಯಾಕ್ಟೀರಿಯಾ ಸ್ಯೂಡೋಮೋನಾಸ್ ಏರುಜಿನೋಸಾ. ಕ್ಷಯ ವಾಸಿಯಾಯಿತೆಂದು ಚಿಕಿತ್ಸೆಯ ಕಾರ್ಡು ಮುಚ್ಚಿದ ಮೇಲೂ ಎದೆಯೊಳಗೆ ಉಳಿದ ಗಾಯಕ್ಕೆ ಹೊಸ ಒಕ್ಕಲು ಬರುತ್ತದೆ ಎಂಬುದು ಈ ಅಂಕಿಗಳ ಅರ್ಥ.

ಗಾಯ ಮಾಡುವ ಕಾರಣಗಳು ಈ ಜಿಲ್ಲೆಯಲ್ಲಿ ಸಾಕಷ್ಟಿವೆ. ಕೋಲಾರ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ 2001ರ ಫೆಬ್ರವರಿ 28ರವರೆಗೆ ಮೂರು ಕಿಲೋಮೀಟರಿಗೂ ಆಳದವರೆಗೆ ಬಂಡೆ ಕೊರೆಯಲಾಯಿತು. ಬೆಣಚುಕಲ್ಲಿನ ನುಣುಪಾದ ಧೂಳು ಹೊಕ್ಕ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಅಂಟುತ್ತಿತ್ತು. ಮೈಸೂರು ಸಂಸ್ಥಾನ 1940ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ಮಾಡಬೇಕಾಗಿ ಬಂದದ್ದು ಆ ಕಾರ್ಮಿಕರ ಸಂಕಟದ ಆಳವನ್ನು ತೋರಿಸುತ್ತದೆ. ಸಿಲಿಕಾ ಕಣ ಶ್ವಾಸಕೋಶದ ಕಾವಲು ಕೋಶಗಳನ್ನೇ, ಅಂದರೆ ಬ್ಯಾಕ್ಟೀರಿಯಾಗಳನ್ನು ನುಂಗಿ ಅರಗಿಸುವ ಮ್ಯಾಕ್ರೊಫೇಜ್‌ಗಳನ್ನೇ ಕೊಲ್ಲುತ್ತದೆ. ಕಾವಲು ಸತ್ತ ಕಡೆ ಕ್ಷಯದ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಸುತ್ತದೆ. ಎರಡೂ ಸೇರಿದಾಗ ಅದಕ್ಕೆ ಸಿಲಿಕೊ-ಟ್ಯುಬರ್ಕ್ಯುಲೋಸಿಸ್ ಎನ್ನುತ್ತಾರೆ. ಗಣಿ ಮುಚ್ಚಿದರೂ ಧೂಳು ಮುಗಿದಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳು, ಹೆಂಚಿನ ಕಾರ್ಖಾನೆಗಳು, ಟೇಕಲ್ ಕಡೆಯ ಕಲ್ಲು ಕ್ವಾರಿಗಳು ಇಂದಿಗೂ ಸಾವಿರಾರು ಜನರ ಅನ್ನದ ದಾರಿ. ಅಲ್ಲಿನ ಧೂಳಿನಲ್ಲೂ ಸಿಲಿಕಾ ಇದೆ. ಸೌದೆ ಒಲೆಯ ಹೊಗೆ ಇನ್ನೊಂದು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಗ್ರಾಮೀಣ ಮಹಿಳೆಯರಲ್ಲಿ ಒಲೆಯ ಮುಂದೆ ಕಳೆದ ಗಂಟೆ ಮತ್ತು ವರ್ಷಗಳ ಲೆಕ್ಕವನ್ನು ದೀರ್ಘಕಾಲದ ಕೆಮ್ಮು-ಕಫಕ್ಕೆ ಹೊಂದಿಸಿ ತೋರಿಸಿದ್ದಾರೆ. ಸಣ್ಣ ರೋಮಗಳು ಸುಟ್ಟುಹೋದ ನಾಳದಲ್ಲಿ ಲೋಳೆ ಮೇಲೇರುವುದಿಲ್ಲ.

ಕ್ಷಯ: ಒಂದೇ ಜಾತಿಯೊಳಗಿನ ಸೆಣಸು

ಔಷಧವು ಪೈಪೋಟಿಯ ದಿಕ್ಕನ್ನು ಬದಲಿಸುವುದಕ್ಕೆ ಅತ್ಯಂತ ಸ್ಪಷ್ಟವಾದ, ಅತ್ಯಂತ ದುಬಾರಿಯಾದ ಪಾಠ ಕಲಿಸಿದ್ದು ಕ್ಷಯ. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಅವರ ಕೈಯಲ್ಲಿ ಮಣ್ಣಿನ ಜೀವಿಯಿಂದ ಹೊರಬಂತು. ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿ ತನ್ನ ನೆರೆಯವರ ವಿರುದ್ಧ ತಯಾರಿಸುವ ವಸ್ತುವನ್ನೇ ನಾವು ಔಷಧವೆಂದು ಎತ್ತಿಕೊಂಡೆವು. ಪ್ರತಿಜೈವಿಕಗಳ ಹುಟ್ಟೇ ಪೈಪೋಟಿಯಲ್ಲಿದೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ ಆರು ತಿಂಗಳಲ್ಲಿ 4 ಮಂದಿ ತೀರಿಕೊಂಡರು. ಬರೀ ಹಾಸಿಗೆ ವಿಶ್ರಾಂತಿಯ 52 ಮಂದಿಯಲ್ಲಿ 14 ಮಂದಿ. ಔಷಧ ಗೆದ್ದಿತೆಂದು ಎಲ್ಲರೂ ಹಿಗ್ಗಿದರು. ಐದು ವರ್ಷದ ನಂತರ ಎಣಿಸಿದಾಗ ಸತ್ತವರ ಸಂಖ್ಯೆ 55ರಲ್ಲಿ 32, 52ರಲ್ಲಿ 35. ಅಂತರ ಬಹುತೇಕ ಅಳಿಸಿಹೋಗಿತ್ತು.

ಆ ನಡುವೆ ನಡೆದದ್ದಿಷ್ಟು. ಕ್ಷಯ ಶ್ವಾಸಕೋಶದಲ್ಲಿ ಕೊರೆದ ಒಂದು ಕುಳಿಯಲ್ಲಿ ಹತ್ತು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾಗಳು ಇರಬಲ್ಲವು. ಕ್ಷಯದ ಇಂದಿನ ಮುಖ್ಯ ಔಷಧಗಳಲ್ಲಿ ಐಸೋನಿಯಜಿಡ್‌ಗೆ ಮಣಿಯದ ರೂಪಾಂತರ ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ, ರಿಫಾಂಪಿಸಿನ್‌ಗೆ ಮಣಿಯದ್ದು ಸುಮಾರು ಹತ್ತು ಕೋಟಿಗೆ ಒಂದರಂತೆ ತಾನಾಗಿಯೇ ಹುಟ್ಟುತ್ತದೆ. ಆದ್ದರಿಂದ ಯಾವುದೇ ಒಂದು ಔಷಧಕ್ಕೆ ಮಣಿಯದವು ಚಿಕಿತ್ಸೆಗೆ ಮುಂಚೆಯೇ ಕುಳಿಯಲ್ಲಿ ಬೆರಳೆಣಿಕೆಯಷ್ಟು ಇದ್ದೇ ಇರುತ್ತವೆ. ಔಷಧವಿಲ್ಲದ ದಿನಗಳಲ್ಲಿ ಅವು ಹೆಚ್ಚಲಾರವು. ಮಣಿಯದಿರುವ ಗುಣಕ್ಕೆ ಅವು ಏನಾದರೂ ಬೆಲೆ ತೆರುತ್ತವೆ, ಹೆಚ್ಚಾಗಿ ನಿಧಾನದ ಬೆಳವಣಿಗೆಯ ರೂಪದಲ್ಲಿ. ಕೋಟಿಗಟ್ಟಲೆ ಸಾಮಾನ್ಯ ತಳಿಯ ನಡುವೆ ಹೂತುಹೋಗಿರುತ್ತವೆ. ಒಂದೇ ಔಷಧ ಕೊಟ್ಟರೆ ಸಾಮಾನ್ಯ ತಳಿ ಸಾಯುತ್ತದೆ, ಕಫ ಕಡಿಮೆಯಾಗುತ್ತದೆ, ರೋಗಿಗೆ ಹಸಿವು ಮರಳುತ್ತದೆ, ತೂಕ ಏರುತ್ತದೆ. ಕೆಲವು ವಾರ ಕಳೆದ ಮೇಲೆ ಖಾಲಿಯಾದ ಕುಳಿಯನ್ನು ಮಣಿಯದ ತಳಿ ತುಂಬುತ್ತದೆ. ಸ್ಟ್ರೆಪ್ಟೊಮೈಸಿನ್ ಜೊತೆಗೆ ಪಾಸ್ ಎಂಬ ಎರಡನೇ ಔಷಧವನ್ನು ಸೇರಿಸಿದಾಗ ಹೀಗಾಗುವುದು ಬಹಳ ಕಡಿಮೆಯಾಯಿತೆಂದು 1950ರಲ್ಲಿ ತಿಳಿಯಿತು. ಎರಡೂ ಔಷಧಗಳಿಗೆ ಒಮ್ಮೆಗೇ ಮಣಿಯದ ರೂಪಾಂತರ ಹುಟ್ಟಲು ಕುಳಿಯಲ್ಲಿರುವಷ್ಟು ಬ್ಯಾಕ್ಟೀರಿಯಾಗಳ ಸಂಖ್ಯೆ ಸಾಲದು. ಇಂದು ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧ ಕೊಡುವ ಕ್ರಮದ ಬುಡದಲ್ಲಿರುವುದು ಈ ಸರಳ ಗಣಿತ.

ಈ ಗಣಿತಕ್ಕೆ ದಕ್ಷಿಣ ಭಾರತದ ಕೊಡುಗೆ ದೊಡ್ಡದು. ಶ್ರೀನಿವಾಸಪುರದ ಗಡಿಯಾಚೆ, ಮದನಪಲ್ಲಿಯ ಬಳಿ ಆರೋಗ್ಯವರಂನಲ್ಲಿ ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿಯೇ ಕ್ಷಯ ಆರೋಗ್ಯಧಾಮ ನೆಲೆಗೊಂಡಿತ್ತು. ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮಾಟ್-ಮೊಲರ್ ಅದರ ಬೆನ್ನೆಲುಬಾಗಿದ್ದರು. ಮದರಾಸಿನಲ್ಲಿ 1956ರಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾದ ಅಧ್ಯಯನವು ಬಡವರ ಇಕ್ಕಟ್ಟಿನ ಮನೆಯಲ್ಲಿ ಮಾತ್ರೆ ನುಂಗಿದರೂ ಆರೋಗ್ಯಧಾಮದಲ್ಲಿ ಮಲಗಿದಷ್ಟೇ ಗುಣ ಕಾಣುತ್ತದೆಂದು ತೋರಿಸಿತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿ, ವ್ಯವಸ್ಥಿತ ಚಿಕಿತ್ಸೆ ಇನ್ನೂ ತಲುಪದ ದಿನಗಳಲ್ಲಿ ಕ್ಷಯ ತಾನಾಗಿ ಎತ್ತ ಸಾಗುತ್ತದೆಂದು ದಾಖಲಿಸಿತು. ಐದು ವರ್ಷದಲ್ಲಿ ಸುಮಾರು ಅರ್ಧದಷ್ಟು ರೋಗಿಗಳು ಸತ್ತಿದ್ದರು, ಮೂರನೇ ಒಂದು ಭಾಗದವರ ಕಫದಲ್ಲಿ ಬ್ಯಾಕ್ಟೀರಿಯಾ ತಾನಾಗಿಯೇ ಇಲ್ಲವಾಗಿತ್ತು, ಉಳಿದವರು ರೋಗ ಹರಡುತ್ತಲೇ ಬದುಕಿದ್ದರು. ಅರೆಬರೆ ಚಿಕಿತ್ಸೆಯ ಅಪಾಯ ಈ ಕೊನೆಯ ಗುಂಪಿನಲ್ಲಿದೆ. ಸಾಯದಷ್ಟು ಔಷಧ ಸಿಕ್ಕಿ, ಗುಣವಾಗದಷ್ಟು ಬ್ಯಾಕ್ಟೀರಿಯಾ ಉಳಿದು, ಉಳಿದದ್ದು ಔಷಧಕ್ಕೆ ಮಣಿಯದ್ದಾದರೆ ಆ ಗುಂಪು ಬೆಳೆಯುತ್ತದೆ.

ಔಷಧ ನಿಲ್ಲಿಸಿದರೆ ಹಳೆಯ, ಮಣಿಯುವ ತಳಿ ಮತ್ತೆ ಗೆಲ್ಲುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಗೆಲ್ಲುತ್ತದೆ. ಕ್ಷಯದಲ್ಲಿ ಆ ಆಸೆ ಇಟ್ಟುಕೊಳ್ಳುವಂತಿಲ್ಲ. ರೋಗಿಗಳಲ್ಲಿ ಹೆಚ್ಚಾಗಿ ಸಿಗುವ ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ನಿರೋಧಕ ರೂಪಾಂತರಗಳು ಬಹಳ ಕಡಿಮೆ ಬೆಲೆ ತೆರುವಂಥವು. ಅಂಥ ರಿಫಾಂಪಿಸಿನ್ ನಿರೋಧಕ ತಳಿಗಳನ್ನು ಸಾಮಾನ್ಯ ತಳಿಯೊಡನೆ ಬೆಳೆಸಿದರೂ ಹೆಚ್ಚು ಹಿಂದೆ ಬೀಳುವುದಿಲ್ಲವೆಂದು 2006ರ ಅಧ್ಯಯನ ತೋರಿಸಿತು. ಮೊದಲು ಕುಂಟಿದ ತಳಿಯೂ ಇನ್ನೊಂದು ರೂಪಾಂತರ ಗಳಿಸಿ ಆ ಕುಂಟನ್ನು ಸರಿಮಾಡಿಕೊಳ್ಳಬಲ್ಲದು.

ಇಲ್ಲಿ ಒಂದು ಎಚ್ಚರವನ್ನು ಬಿಡಿಸಿಯೇ ಹೇಳಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆಯಿಲ್ಲದೆ ಲೆವೊಫ್ಲಾಕ್ಸಾಸಿನ್ ಮಾತ್ರೆ ಬರೆಯುವ, ಕೇಳಿ ಪಡೆಯುವ ರೂಢಿ ಹಾನಿಕರ. ಆ ಔಷಧ ನ್ಯುಮೊಕಾಕಸ್ ಮೇಲೂ ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡುತ್ತದೆ. ಕ್ಷಯವಿದ್ದವರಿಗೆ ಹತ್ತು ದಿನ ಹಾಯೆನಿಸುತ್ತದೆ, ಪತ್ತೆ ಹಿಂದಕ್ಕೆ ಹೋಗುತ್ತದೆ, ಒಳಗೆ ಆ ಔಷಧಕ್ಕೆ ಮಣಿಯದ ತಳಿಗೆ ದಾರಿಯಾಗುತ್ತದೆ. ಆಮೇಲೆ ನಿಜವಾಗಿ ಔಷಧ ನಿರೋಧಕ ಕ್ಷಯಕ್ಕೆ ಬೇಕಾಗುವ ಔಷಧಗಳ ಸಾಲಿನಿಂದ ಒಂದು ಅಮೂಲ್ಯ ಔಷಧ ಕಳೆದುಹೋಗಿರುತ್ತದೆ.

ಸ್ಟಾಫಿಲೊಕಾಕಸ್ ಮತ್ತು ಸ್ಯೂಡೋಮೋನಾಸ್

ಜಾತಿ ಜಾತಿಗಳ ನಡುವಿನ ಹೋರಾಟದಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಜೋಡಿ ಇದು. ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳ ಕಫದಲ್ಲಿ ಮೊದಲು ಸ್ಟಾಫಿಲೊಕಾಕಸ್ ಆರಿಯಸ್ ಮೇಲುಗೈ ಪಡೆದಿರುತ್ತದೆ. ವಯಸ್ಸಾದಂತೆ ಸ್ಯೂಡೋಮೋನಾಸ್ ಏರುಜಿನೋಸಾ ಆ ಜಾಗ ಹಿಡಿಯುತ್ತದೆ. ಸ್ಯೂಡೋಮೋನಾಸ್ ಬಳಿ ಹಲವು ಆಯುಧಗಳಿವೆ. ಸ್ಟಾಫಿಲೊಕಾಕಸ್‌ನ ಕೋಶಗೋಡೆಯನ್ನು ಒಡೆಯುವ ಒಂದು ಕಿಣ್ವ, ನೀಲಿ-ಹಸಿರು ಬಣ್ಣದ ಪೈಯೊಸಯನಿನ್, ಹೈಡ್ರೋಜನ್ ಸಯನೈಡ್, ಎದುರಾಳಿಯ ಉಸಿರಾಟದ ಸರಪಳಿಯನ್ನೇ ತಡೆಯುವ ಎಚ್‌ಕ್ಯೂಎನ್‌ಒ ಎಂಬ ಸಣ್ಣ ಅಣು. ಕಬ್ಬಿಣವನ್ನು ಸೆಳೆಯುವುದರಲ್ಲಿಯೂ ಅದು ನಿಸ್ಸೀಮ. ಸ್ಟಾಫಿಲೊಕಾಕಸ್ ಕೋಶ ಒಡೆದು ಅದರೊಳಗಿನ ಕಬ್ಬಿಣವನ್ನೂ ಬಳಸಿಕೊಳ್ಳುತ್ತದೆ.

ಸ್ಟಾಫಿಲೊಕಾಕಸ್ ಅನ್ನು ಔಷಧದಿಂದ ದೂರವಿಟ್ಟರೆ ಮಕ್ಕಳಿಗೆ ಒಳ್ಳೆಯದಾಗಬಹುದು ಎಂಬ ಎಣಿಕೆಯಿಂದ ಅಮೆರಿಕದಲ್ಲಿ ಈ ಕಾಯಿಲೆಯ ಪುಟ್ಟ ಮಕ್ಕಳಿಗೆ ವರ್ಷಗಟ್ಟಲೆ ಸೆಫಲೆಕ್ಸಿನ್ ಕೊಟ್ಟು ನೋಡಲಾಯಿತು. ಫಲಿತಾಂಶ 2002ರಲ್ಲಿ ಬಂತು. ಸ್ಟಾಫಿಲೊಕಾಕಸ್ ಕಡಿಮೆಯಾಗಿತ್ತು, ಅದರ ಜೊತೆಗೆ, ಔಷಧ ಪಡೆದ ಮಕ್ಕಳಲ್ಲಿ ಸ್ಯೂಡೋಮೋನಾಸ್ ಹೆಚ್ಚಾಗಿತ್ತು. ಶ್ವಾಸಕೋಶದ ಆರೋಗ್ಯದಲ್ಲಿ ಲಾಭ ಕಾಣಲಿಲ್ಲ. ಸ್ಪರ್ಧಾಮುಕ್ತಿಗೆ ಮನುಷ್ಯರಲ್ಲಿ ಸಿಕ್ಕ ಸಾಕ್ಷ್ಯಗಳಲ್ಲಿ ಇದಕ್ಕೆ ವಿಶೇಷ ತೂಕವಿದೆ. ಈ ಫಲಿತಾಂಶವನ್ನು ನಮ್ಮೂರಿನ ಔಷಧ ಚೀಟಿಯ ಪಕ್ಕದಲ್ಲಿಟ್ಟು ಓದಬೇಕು. ಕೆಮ್ಮು-ಕಫಕ್ಕೆ ಸಾಮಾನ್ಯವಾಗಿ ಸಿಗುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಇವುಗಳಲ್ಲಿ ಯಾವುದೂ ಸ್ಯೂಡೋಮೋನಾಸ್ ಅನ್ನು ಕೊಲ್ಲುವುದಿಲ್ಲ. ಬ್ರಾಂಕಿಯೆಕ್ಟೇಸಿಸ್ ಇರುವವರು ಚಳಿಗಾಲಕ್ಕೆ ಮೂರು ಸಲ ಇಂಥ ಔಷಧ ಮುಗಿಸಿದರೆ ನ್ಯುಮೊಕಾಕಸ್, ಹೀಮೊಫಿಲಸ್, ಸ್ಟಾಫಿಲೊಕಾಕಸ್ ಮೂರು ಸಲ ತೆರವಾಗುತ್ತವೆ, ಸ್ಯೂಡೋಮೋನಾಸ್‌ಗೆ ಮೂರು ಸಲ ಹೊಲ ಹದ ಮಾಡಿಕೊಟ್ಟಂತಾಗುತ್ತದೆ.

ಹೋರಾಟ ಯಾವಾಗಲೂ ಒಂದೇ ದಿಕ್ಕಿನದಲ್ಲ. ಎದುರಾಳಿಯ ಏಟು ಕೆಲವೊಮ್ಮೆ ಗುರಾಣಿಯಾಗುತ್ತದೆ. ಜೆಂಟಾಮೈಸಿನ್, ಟೋಬ್ರಾಮೈಸಿನ್, ಅಮಿಕಾಸಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾದೊಳಗೆ ಹೋಗಬೇಕಾದರೆ ಅದು ಚೆನ್ನಾಗಿ ಉಸಿರಾಡುತ್ತಿರಬೇಕು. ಉಸಿರಾಟದಿಂದ ಪೊರೆಯ ಮೇಲೆ ಉಂಟಾಗುವ ವಿದ್ಯುತ್ ಸೆಳೆತವೇ ಔಷಧವನ್ನು ಒಳಕ್ಕೆ ಎಳೆಯುತ್ತದೆ. ಸ್ಯೂಡೋಮೋನಾಸ್‌ನ ಎಚ್‌ಕ್ಯೂಎನ್‌ಒ ಸ್ಟಾಫಿಲೊಕಾಕಸ್‌ನ ಉಸಿರು ಕಟ್ಟಿಸಿದಾಗ ಅದು ಸಾಯದೆ, ತಟ್ಟೆಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಕಾಣುವ, ನಿಧಾನವಾಗಿ ಬೆಳೆಯುವ ರೂಪಕ್ಕೆ ಇಳಿಯುತ್ತದೆ. ಆ ರೂಪಕ್ಕೆ ಟೋಬ್ರಾಮೈಸಿನ್ ನಾಟುವುದಿಲ್ಲ. 2006ರಲ್ಲಿ ಹೊರಬಂದ ಈ ಸಂಶೋಧನೆ ಪ್ರಯೋಗಾಲಯಗಳಿಗೂ ಒಂದು ಪಾಠವಾಯಿತು. ಅಷ್ಟು ಸಣ್ಣ ಚುಕ್ಕೆಗಳು ಮಾಮೂಲಿ ಪರೀಕ್ಷೆಯಲ್ಲಿ ಕಣ್ಣು ತಪ್ಪಿಸುತ್ತವೆ.

ಕಫದ ಬಣ್ಣದ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಸ್ಯೂಡೋಮೋನಾಸ್ ಹಸಿರು ಬಣ್ಣ ತಯಾರಿಸುವುದು ನಿಜವಾದರೂ, ಕಫ ಹಸಿರಾಗುವುದು ಹೆಚ್ಚಾಗಿ ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಹಸಿರು ಕಿಣ್ವದಿಂದ. ವೈರಸ್ಸಿನ ನೆಗಡಿಯಲ್ಲೂ ಹಾಗಾಗುತ್ತದೆ. ಹಸಿರು ಕಫವನ್ನೇ ನೋಡಿ ಆಂಟಿಬಯೋಟಿಕ್ ಕೇಳುವುದಕ್ಕೆ ಆಧಾರವಿಲ್ಲ.

ಅಜಿತ್ರೋಮೈಸಿನ್‌ನ ಕತೆ ಇನ್ನೂ ಸೂಕ್ಷ್ಮ. ಅದು ಸ್ಯೂಡೋಮೋನಾಸ್ ಅನ್ನು ಮಾಮೂಲಿ ಪ್ರಮಾಣದಲ್ಲಿ ಕೊಲ್ಲುವುದಿಲ್ಲ, ಅದರ ಮಾತು ನಿಲ್ಲಿಸುತ್ತದೆ. ಸ್ಯೂಡೋಮೋನಾಸ್‌ಗಳು ಸಂಕೇತದ ಅಣುಗಳನ್ನು ಹೊರಬಿಟ್ಟು ತಾವು ಎಷ್ಟು ಮಂದಿ ಇದ್ದೇವೆಂದು ಅರಿತುಕೊಳ್ಳುತ್ತವೆ. ಗ್ರಾಮಸಭೆಗೆ ಕೋರಂ ತುಂಬಿದ ಮೇಲೆಯೇ ನಿರ್ಣಯವಾಗುವಂತೆ, ಸಂಖ್ಯೆ ಸಾಕಷ್ಟಾದ ಮೇಲೆಯೇ ವಿಷ, ಕಿಣ್ವಗಳನ್ನು ತಯಾರಿಸುತ್ತವೆ. ಇದಕ್ಕೆ ವಿಜ್ಞಾನ ಕೊಟ್ಟ ಹೆಸರೂ ಕೋರಂ ಸೆನ್ಸಿಂಗ್ ಎಂದೇ. ಈ ಗುಂಪಿನಲ್ಲಿ ಮೈಗಳ್ಳರೂ ಇರುತ್ತಾರೆ: ತಾವು ಏನನ್ನೂ ತಯಾರಿಸದೆ ಇತರರು ಹೊರಬಿಟ್ಟ ಕಿಣ್ವದ ಫಲ ಉಣ್ಣುವ ರೂಪಾಂತರಗಳು. ದುಡಿಮೆಯ ಖರ್ಚಿಲ್ಲದ ಕಾರಣ ಅವು ಬೇಗ ಹೆಚ್ಚಿ, ಕಾಲ ಕಳೆದಂತೆ ಗುಂಪು ಸೌಮ್ಯವಾಗುತ್ತದೆ. ಅಜಿತ್ರೋಮೈಸಿನ್ ಕೊಟ್ಟಾಗ ಎಲ್ಲರ ದುಡಿಮೆಯೂ ನಿಲ್ಲುವುದರಿಂದ ಮೈಗಳ್ಳರಿಗಿದ್ದ ಲಾಭ ಹೋಗುತ್ತದೆ, ಉಗ್ರ ತಳಿ ಉಳಿದುಕೊಳ್ಳುತ್ತದೆ. ಕೃತಕ ಉಸಿರಾಟದಲ್ಲಿದ್ದ ರೋಗಿಗಳಲ್ಲಿ ಹೀಗಾಯಿತೆಂದು 2010ರಲ್ಲಿ ವರದಿಯಾಯಿತು. ಇಷ್ಟಾದರೂ, ಪದೇ ಪದೇ ಉಲ್ಬಣಿಸುವ ಬ್ರಾಂಕಿಯೆಕ್ಟೇಸಿಸ್‌ಗೆ ವಾರಕ್ಕೆ ಮೂರು ದಿನದ ಅಜಿತ್ರೋಮೈಸಿನ್ ಉಪಯುಕ್ತವೆಂದು ಪ್ರಯೋಗಗಳು ತೋರಿಸಿವೆ. ಅದನ್ನು ಶುರುಮಾಡುವ ಮುನ್ನ ಕ್ಷಯವಲ್ಲದ ಮೈಕೊಬ್ಯಾಕ್ಟೀರಿಯಾಗಳು ಕಫದಲ್ಲಿಲ್ಲವೆಂದು ನೋಡಿಕೊಳ್ಳುವುದು ಅಗತ್ಯ, ಏಕೆಂದರೆ ಅವುಗಳ ವಿರುದ್ಧದ ಮುಖ್ಯ ಔಷಧವೂ ಇದೇ ಗುಂಪಿನದು.

ನೆರೆಯವರ ಕಾವಲು

ಪೈಪೋಟಿಯ ಮಗ್ಗುಲಲ್ಲಿ ಆಶ್ರಯವೂ ಇದೆ. ಪೆನಿಸಿಲಿನ್ ಅನ್ನು ಮುರಿಯುವ ಕಿಣ್ವ ಬ್ಯಾಕ್ಟೀರಿಯಾಗಳಲ್ಲಿದೆಯೆಂದು ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್‌ಸ್ಟ್ ಚೈನ್ 1940ರಲ್ಲಿಯೇ ಬರೆದಿದ್ದರು. ಶ್ವಾಸನಾಳದಲ್ಲಿ ಸಿಗುವ ಮೊರಾಕ್ಸೆಲ್ಲಾ ಕಟರಾಲಿಸ್ ಎಂಬ ಬ್ಯಾಕ್ಟೀರಿಯಾ ಇಂಥ ಕಿಣ್ವವನ್ನು ಸುತ್ತಲಿನ ದ್ರವಕ್ಕೆ ಬಿಡುತ್ತದೆ. ಅದರ ಪಕ್ಕದಲ್ಲಿದ್ದ ನ್ಯುಮೊಕಾಕಸ್, ತಾನು ಅಮಾಕ್ಸಿಸಿಲಿನ್‌ಗೆ ಮಣಿಯುವ ಜಾತಿಯಾಗಿದ್ದರೂ, ಔಷಧ ತನ್ನನ್ನು ತಲುಪುವ ಮೊದಲೇ ಮುರಿದುಹೋಗುವುದರಿಂದ ಬದುಕಿಕೊಳ್ಳುತ್ತದೆ. ಪ್ರಯೋಗಾಲಯದ ವರದಿಯಲ್ಲಿ ನ್ಯುಮೊಕಾಕಸ್ ಎದುರು ಅಮಾಕ್ಸಿಸಿಲಿನ್ ಕೆಲಸ ಮಾಡುತ್ತದೆಂದೇ ಬರೆದಿರುತ್ತದೆ. ರೋಗಿಗೆ ಮಾತ್ರ ಗುಣ ಕಾಣುವುದಿಲ್ಲ.

ನ್ಯುಮೊಕಾಕಸ್ ಈ ಉಪಕಾರಕ್ಕೆ ಉಪಕಾರ ಮಾಡುವುದೇನೂ ಇಲ್ಲ. ಅದು ಹೊರಬಿಡುವ ಹೈಡ್ರೋಜನ್ ಪೆರಾಕ್ಸೈಡ್ ಮೊರಾಕ್ಸೆಲ್ಲಾ, ಹೀಮೊಫಿಲಸ್, ಸ್ಟಾಫಿಲೊಕಾಕಸ್ ಮೂರನ್ನೂ ಕೊಲ್ಲಬಲ್ಲದು. ಹೀಮೊಫಿಲಸ್ ತನ್ನ ಕಡೆಯಿಂದ ದೇಹದ ಬಿಳಿ ರಕ್ತಕಣಗಳನ್ನು ಎಬ್ಬಿಸಿ, ಅವುಗಳ ಮೂಲಕ ನ್ಯುಮೊಕಾಕಸ್ ಅನ್ನು ಮುಗಿಸುತ್ತದೆ. ಮಕ್ಕಳಿಗೆ ಕೊಡುವ ನ್ಯುಮೊಕಾಕಸ್ ಲಸಿಕೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಸೇರಿ 2021ರಲ್ಲಿ ದೇಶವ್ಯಾಪಿಯಾದ ಈ ಲಸಿಕೆ ಕೆಲವು ಉಪವಿಧಗಳನ್ನಷ್ಟೇ ತಡೆಯುತ್ತದೆ. ತೆರವಾದ ಜಾಗಕ್ಕೆ ಬೇರೆ ಉಪವಿಧಗಳು ಬರುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. ಆದರೂ ಲಸಿಕೆ ಉಳಿಸಿದ ಮಕ್ಕಳ ಮುಂದೆ ಆ ನಷ್ಟ ಬಹಳ ಸಣ್ಣದು. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಪ್ರಯೋಗಾಲಯ ಈ ಉಪವಿಧಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿದೆ.

ತೀವ್ರ ನಿಗಾ ಘಟಕದಲ್ಲಿ ಇದೇ ನಾಟಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಉಸಿರಾಟದ ನಳಿಗೆಯ ಒಳಗೋಡೆಗೆ ಪಾಚಿಯಂತೆ ಅಂಟುವ ಪದರದಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸ್ಯೂಡೋಮೋನಾಸ್‌ಗಳು ಸೇರುತ್ತವೆ. ಸೂಜಿಯಂಥ ಅಂಗದಿಂದ ಪಕ್ಕದ ಕೋಶಕ್ಕೆ ವಿಷ ಚುಚ್ಚುವವೂ ಇವುಗಳಲ್ಲಿವೆ. ಉಳಿದ ಔಷಧ ಸೋತಾಗ ಕೊಡುವ ಕೊಲಿಸ್ಟಿನ್ ಅಸಿನೆಟೊಬ್ಯಾಕ್ಟರ್ ಅನ್ನು ಇಳಿಸಿದರೆ, ಆ ಔಷಧಕ್ಕೆ ಹುಟ್ಟಿನಿಂದಲೇ ಮಣಿಯದ ಪ್ರೋಟಿಯಸ್, ಸೆರಾಷಿಯಾ, ಪ್ರಾವಿಡೆನ್ಸಿಯಾಗಳು ತಲೆಯೆತ್ತುವುದುಂಟು.

ಕೆರೆ, ಕೋಳಿ, ಟೊಮ್ಯಾಟೊ

ಮಣಿಯದ ತಳಿಗಳ ಪೈಪೋಟಿ ರೋಗಿಯ ಎದೆಯಲ್ಲೇ ಶುರುವಾಗಬೇಕೆಂದಿಲ್ಲ. ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸುವ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆ ಔಷಧವಿದ್ದರೂ ಮಣಿಯದ ತಳಿ ಮೆಲ್ಲಗೆ ಮುಂದಾಗುತ್ತದೆಂದು ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 2011ರಲ್ಲಿ ತೋರಿಸಿದರು. ಈ ಮಾತನ್ನು ಕೋಲಾರದಲ್ಲಿ ನಿಂತು ಕೇಳಿದರೆ ಅದರ ಭಾರ ಬೇರೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡನೇ ಹಂತದ ಶುದ್ಧೀಕರಣ ಕಂಡು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಅಲ್ಲಿಂದ ಕೆರೆಯಿಂದ ಕೆರೆಗೆ ಸಾಗಿತು. ಬರದಿಂದ ಬೆಂದ ಜಿಲ್ಲೆಗೆ ಆ ನೀರು ಅಂತರ್ಜಲದ ಆಸರೆ ತಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲು ಆಗದು. ಎರಡನೇ ಹಂತದ ಶುದ್ಧೀಕರಣ ಔಷಧದ ಶೇಷವನ್ನೂ ನಿರೋಧಕ ಗುಣದ ಜೀನುಗಳನ್ನೂ ಪೂರ್ತಿ ತೆಗೆಯಲಾರದು ಎಂಬುದೂ ಎಲ್ಲ ಕಡೆ ಕಂಡ ಸತ್ಯ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ರೈತರ ಕೂಗಿಗೆ ಈ ದೃಷ್ಟಿಯಿಂದಲೂ ಬೆಲೆ ಇದೆ.

ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಬೆಳೆಗಳ ಮೇಲೆ ಸಿಂಪಡಿಸುವ ಸ್ಟ್ರೆಪ್ಟೊಮೈಸಿನ್-ಟೆಟ್ರಾಸೈಕ್ಲಿನ್ ಪುಡಿಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶ 2021ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಕ್ಷಯದ ಮೊದಲ ಔಷಧ ಟೊಮ್ಯಾಟೊ ಎಲೆಯ ಮೇಲೆ ಬೀಳುತ್ತಿತ್ತು ಎಂದರೆ ಔಷಧಗಳನ್ನು ನಾವು ಎಷ್ಟು ಅಗ್ಗವಾಗಿ ಕಂಡೆವೆಂಬುದು ತಿಳಿಯುತ್ತದೆ. ಔಷಧ ಅಂಗಡಿಗಳ ಮಟ್ಟಿಗೆ, 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಪ್ರಕಾರ ಹಲವು ಪ್ರಮುಖ ಪ್ರತಿಜೈವಿಕಗಳನ್ನೂ ಕ್ಷಯದ ಔಷಧಗಳನ್ನೂ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು.

ಪರೀಕ್ಷೆ ಮತ್ತು ಚಿಕಿತ್ಸೆ

ಕಫ ಪರೀಕ್ಷೆ ಇಡೀ ಚಿಕಿತ್ಸೆಯ ಬುನಾದಿ. ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಜೊಲ್ಲು ಕೊಟ್ಟರೆ ಬಾಯಿಯ ವಾಸಿಗಳ ವರದಿ ಬರುತ್ತದೆ. ಔಷಧ ಶುರುಮಾಡುವ ಮುನ್ನವೇ ಕೊಡಬೇಕು. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್. ಎಲ್. ಜಾಲಪ್ಪ ಆಸ್ಪತ್ರೆ ಈ ಸೀಮೆಯ ದೊಡ್ಡ ಚಿಕಿತ್ಸಾ ಕೇಂದ್ರಗಳು. ಕ್ಷಯದ ಕಫ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ.

ಪರೀಕ್ಷೆಗೂ ಮಿತಿಗಳಿವೆ. ತಟ್ಟೆಯಲ್ಲಿ ಒಂದೊಂದೇ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಒಂಟಿಯಾಗಿ ಬೆಳೆಸಿ, ಔಷಧದ ಬಿಲ್ಲೆಗಳನ್ನಿಟ್ಟು ನೋಡುತ್ತಾರೆ. ಕಫದಲ್ಲಿ ಅದು ಒಂಟಿಯಾಗಿ ಇರಲಿಲ್ಲ. ಮೊರಾಕ್ಸೆಲ್ಲಾದ ಕಾವಲು, ಸ್ಯೂಡೋಮೋನಾಸ್‌ನ ಹೊಡೆತ ತಟ್ಟೆಗೆ ಬರುವುದಿಲ್ಲ. ಕ್ಷಯದಲ್ಲಿ ಎರಡು ಗಂಟೆಯಲ್ಲಿ ರಿಫಾಂಪಿಸಿನ್ ನಿರೋಧಕತೆಯನ್ನು ತಿಳಿಸುವ ಸಿಬಿನ್ಯಾಟ್ ಯಂತ್ರವು ದೊಡ್ಡ ವರವೇ ಆದರೂ, ಮಣಿಯದ ತಳಿ ಒಟ್ಟು ಸಂಖ್ಯೆಯ ಸಣ್ಣ ಪಾಲಾಗಿದ್ದಾಗ ಅದನ್ನು ಗುರುತಿಸದೆ ಹೋಗಬಹುದು. ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ಕಫ ಕೇಳುವುದು ಇದೇ ಕಾರಣಕ್ಕೆ. ಎರಡನೇ ಸಲ ಕೇಳಿದರೆ ಬೇಸರಪಡುವ ರೋಗಿಗೆ ಇದನ್ನು ಬಿಡಿಸಿ ಹೇಳುವ ಆಶಾ ಕಾರ್ಯಕರ್ತೆಯ ಕೆಲಸ ವೈದ್ಯರ ಚೀಟಿಯಷ್ಟೇ ಮುಖ್ಯ.

ಯಾವ ಬ್ಯಾಕ್ಟೀರಿಯಾಕ್ಕೂ ಪಕ್ಷಪಾತ ಮಾಡದ ಚಿಕಿತ್ಸೆಯೊಂದಿದೆ. ಹಳೆಯದು, ಅಗ್ಗದ್ದು, ಹೆಚ್ಚು ಮಂದಿಗೆ ಯಾರೂ ಕಲಿಸಿಕೊಡದ್ದು. ಬ್ರಾಂಕಿಯೆಕ್ಟೇಸಿಸ್ ಇರುವವರು ದಿನಕ್ಕೆ ಒಂದೆರಡು ಸಲ ಕಫ ಇಳಿಸುವ ಉಸಿರಾಟದ ವ್ಯಾಯಾಮ ಮಾಡುವುದು. ಮೆಲ್ಲಗೆ ಉಸಿರಾಡುವುದು, ಆಳವಾಗಿ ಎಳೆದು ಕೆಲ ಕ್ಷಣ ಹಿಡಿಯುವುದು, ಬಾಯಿ ತೆರೆದು ಕನ್ನಡಿಗೆ ಆವಿ ಹಿಡಿಸುವಂತೆ ಹಾ ಎಂದು ಬಿಡುವುದು, ಆಮೇಲೆ ಕೆಮ್ಮಿ ತೆಗೆಯುವುದು. ಶ್ವಾಸಕೋಶದ ಯಾವ ಭಾಗ ಹಾಳಾಗಿದೆಯೋ ಅದು ಮೇಲೆ ಬರುವಂತೆ ಮಗ್ಗುಲಾಗಿ ಮಲಗಿ ಮಾಡಿದರೆ ಕಫ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕಫ ಬಹಳ ಗಟ್ಟಿಯಿದ್ದವರಿಗೆ ವೈದ್ಯರು ಮೊದಲು ಗಾಢ ಉಪ್ಪುನೀರನ್ನು ನೆಬ್ಯುಲೈಸರಿನಲ್ಲಿ ಕೊಡುತ್ತಾರೆ. ಹೊರಬಿದ್ದ ಒಂದು ಚಮಚ ಕಫದೊಂದಿಗೆ ಮಣಿಯುವವು, ಮಣಿಯದವು, ಕಾವಲು ಕಾಯುವವು, ಹೊಡೆಯುವವು ಎಲ್ಲ ಒಟ್ಟಿಗೇ ಹೊರಬೀಳುತ್ತವೆ.